ಹಕ್ಕಿಗಳನ್ನು ಎಣಿಸಿದವರು

1886ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಯುವ ಪಕ್ಷಿಪ್ರೇಮಿ ನ್ಯೂಯಾರ್ಕಿನ ಅಂಗಡಿಬೀದಿಗಳಲ್ಲಿ ಎರಡು ಸಂಜೆ ಅಡ್ಡಾಡಿ ಹೆಂಗಸರ ಟೊಪ್ಪಿಗಳನ್ನು ಎಣಿಸಿದರು. ಕಂಡ 700 ಟೊಪ್ಪಿಗಳಲ್ಲಿ 542ರ ಮೇಲೆ ಹಕ್ಕಿಯ ಗರಿ, ರೆಕ್ಕೆ, ಕೆಲವೆಡೆ ಇಡೀ ಹಕ್ಕಿಯೇ ಇತ್ತು. ಅವರು ಗುರುತಿಸಿದ್ದು 40 ಜಾತಿಗಳನ್ನು. ಪಕ್ಷಿ ಸಂರಕ್ಷಣೆಯ ಚರಿತ್ರೆಯಲ್ಲಿ ಕರುಣೆಯ ಮಾತು ಬಹಳ ಬರುತ್ತದೆ. ಆದರೆ ಅದರ ದಿಕ್ಕು ಬದಲಾದಾಗಲೆಲ್ಲ ಅಲ್ಲಿ ಯಾರೋ ಕೂತು ಲೆಕ್ಕ ಹಾಕಿದ್ದರು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಗರಿ ವ್ಯಾಪಾರದ ಕ್ರೌರ್ಯ ಬೆಳ್ಳಕ್ಕಿಯ ವಿಷಯದಲ್ಲಿ ಮೇರೆ ಮೀರಿತ್ತು. ಅದರ ಬೆನ್ನಿನ ಮೇಲೆ ನವಿರಾದ ಬಿಳಿ ಗರಿಗಳು ಮೂಡುವುದು ಮರಿ ಮಾಡುವ ಕಾಲದಲ್ಲಿ. ಆದ್ದರಿಂದ ಬೇಟೆಗಾರರು ಗೂಡುಗಳಿಗೇ ನುಗ್ಗಿ ದೊಡ್ಡ ಹಕ್ಕಿಗಳನ್ನು ಕೊಲ್ಲುತ್ತಿದ್ದರು. ಮರಿಗಳು ಹಸಿದು ಸಾಯುತ್ತಿದ್ದವು. 20ನೇ ಶತಮಾನದ ಆರಂಭಕ್ಕೆ ಈ ಗರಿ ತೂಕದಲ್ಲಿ ಚಿನ್ನಕ್ಕಿಂತ ದುಬಾರಿಯಾಗಿತ್ತು.

ಇದನ್ನು ತಡೆಯಲು ಮೊದಲು ನಿಂತವರಲ್ಲಿ ಹೆಚ್ಚಿನವರು ಹೆಂಗಸರು. 1889ರಲ್ಲಿ ಮ್ಯಾಂಚೆಸ್ಟರ್ ಬಳಿಯ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್ಸನ್ ಒಂದು ಸಂಘ ಕಟ್ಟಿದರು. ಆಗ ಬ್ರಿಟನ್ನಿನ ಪಕ್ಷಿವಿಜ್ಞಾನಿಗಳ ಒಕ್ಕೂಟ ಹೆಂಗಸರನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಊಟಕ್ಕಾಗಿ ಕೊಂದದ್ದಲ್ಲದ ಯಾವ ಹಕ್ಕಿಯ ಗರಿಯನ್ನೂ ತೊಡುವುದಿಲ್ಲ, ಉಷ್ಟ್ರಪಕ್ಷಿಯದೊಂದನ್ನು ಬಿಟ್ಟು, ಎಂಬುದು ಸದಸ್ಯೆಯರ ಪ್ರತಿಜ್ಞೆ. 1904ರಲ್ಲಿ ರಾಜಮನ್ನಣೆ ಪಡೆದು ಆ ಸಂಘವೇ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಇಂದಿನ ಆರ್‌ಎಸ್‌ಪಿಬಿ ಆಯಿತು. ಅತ್ತ ಬಾಸ್ಟನ್ನಿನಲ್ಲಿ 1896ರಲ್ಲಿ ಹ್ಯಾರಿಯೆಟ್ ಹೆಮೆನ್ವೇ ಮತ್ತು ಮಿನ್ನಾ ಹಾಲ್ ಊರಿನ ಸಿರಿವಂತ ಹೆಂಗಸರ ಹೆಸರುಪಟ್ಟಿ ಹಿಡಿದು, ಒಬ್ಬೊಬ್ಬರನ್ನೇ ಚಹಾಕ್ಕೆ ಕರೆದು, ಗರಿಯ ಟೊಪ್ಪಿ ಬಿಡುವಂತೆ ಒಪ್ಪಿಸಿದರು. ಹಕ್ಕಿಗಳ ರಕ್ಷಣೆಗೆ ನಿಂತ ಮಸಾಚುಸೆಟ್ಸ್ ಆಡುಬಾನ್ ಸೊಸೈಟಿ ಹುಟ್ಟಿದ್ದು ಹೀಗೆ.

ಕಾನೂನು ಆಮೇಲೆ ಬಂತು. 1903ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಫ್ಲಾರಿಡಾದ ಪೆಲಿಕನ್ ದ್ವೀಪವನ್ನು ಹೆಜ್ಜಾರ್ಲೆಗಳಿಗಾಗಿ ಕಾಯ್ದಿರಿಸಿದರು. ಎರಡೇ ವರ್ಷದಲ್ಲಿ ಅದೇ ರಾಜ್ಯದಲ್ಲಿ ಕಾವಲುಗಾರ ಗೈ ಬ್ರಾಡ್ಲಿ ಗರಿ ಬೇಟೆಗಾರರನ್ನು ತಡೆಯಹೋಗಿ ಗುಂಡೇಟಿಗೆ ಬಲಿಯಾದರು. ವಲಸೆ ಹಕ್ಕಿಗಳ ರಕ್ಷಣೆಗೆ ಅಮೆರಿಕ 1918ರಲ್ಲಿ ಕಾಯ್ದೆ ತಂದಿತು. ಬ್ರಿಟನ್ 1921ರಲ್ಲಿ ಗರಿ ಆಮದನ್ನು ನಿಷೇಧಿಸಿತು. ಅಷ್ಟರಲ್ಲಿ ಒಂದು ಕಾಲಕ್ಕೆ ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ ಮಾರ್ಥಾ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತುಹೋಗಿತ್ತು.

ಚಾಪ್ಮನ್ ಎಣಿಕೆ ಬಿಟ್ಟಿರಲಿಲ್ಲ. ಕ್ರಿಸ್‌ಮಸ್ ದಿನ ಪೈಪೋಟಿಗೆ ಬಿದ್ದು ಹಕ್ಕಿ ಹೊಡೆಯುವ ರೂಢಿಗೆ ಬದಲಾಗಿ ಹಕ್ಕಿ ಎಣಿಸೋಣ ಎಂದು 1900ರಲ್ಲಿ ಕರೆಕೊಟ್ಟರು. ಮೊದಲ ವರ್ಷ ಬಂದವರು 27 ಜನ. ಆ ಗಣತಿ ಇಂದಿಗೂ ನಡೆಯುತ್ತಿದೆ.

ಕೋವಿಗೆ ಕಡಿವಾಣ ಬಿದ್ದರೂ ಹಕ್ಕಿಗಳು ಸುರಕ್ಷಿತವಾಗಲಿಲ್ಲ. 1960ರ ಸುಮಾರಿಗೆ ಬ್ರಿಟನ್ನಿನ ಪಾರಿವಾಳ ಸಾಕುವವರು, ಪೆರಿಗ್ರಿನ್ ಫಾಲ್ಕನ್ ಎಂಬ ಬೇಟೆಹಕ್ಕಿಗಳು ವಿಪರೀತ ಹೆಚ್ಚಿ ತಮ್ಮ ಪಂದ್ಯದ ಪಾರಿವಾಳಗಳನ್ನು ತಿನ್ನುತ್ತಿವೆ ಎಂದು ಸರ್ಕಾರಕ್ಕೆ ದೂರಿತ್ತರು. ಸಮೀಕ್ಷೆಗೆ ಹೊರಟ ವಿಜ್ಞಾನಿ ಡೆರೆಕ್ ರ್‍ಯಾಟ್‌ಕ್ಲಿಫ್ ಅವರಿಗೆ ಕಂಡದ್ದು ತದ್ವಿರುದ್ಧ: ಹಲವು ಕಡೆ ಗೂಡುಗಳು ಖಾಲಿ, ಇದ್ದವುಗಳಲ್ಲಿ ಒಡೆದ ಮೊಟ್ಟೆ. ಕಾರಣ ಹುಡುಕುತ್ತ ಅವರು ಹಳೆಯ ಮೊಟ್ಟೆ ಸಂಗ್ರಹಗಳ ಚಿಪ್ಪುಗಳನ್ನು ತೂಗಿ ಅಳೆದರು. 1947ರ ಆಸುಪಾಸಿನಿಂದ, ಅಂದರೆ ಕೀಟನಾಶಕ ಡಿಡಿಟಿ ಹೊಲಗಳಿಗೆ ಬಂದ ಹೊತ್ತಿನಿಂದಲೇ, ಚಿಪ್ಪು ತೆಳುವಾಗತೊಡಗಿತ್ತು. ಕಾವಿಗೆ ಕೂತ ತಾಯಿಯ ಭಾರಕ್ಕೇ ಅದು ಒಡೆಯುತ್ತಿತ್ತು. 1967ರಲ್ಲಿ ಇದು ಪ್ರಕಟವಾಯಿತು. ಗೂಡು ಲೂಟಿ ಮಾಡಿ ಮೊಟ್ಟೆ ಕೂಡಿಡುವ ಹವ್ಯಾಸವನ್ನು ನಾನು ಸಮರ್ಥಿಸಲಾರೆ, ಆದರೂ ಆ ಪೆಟ್ಟಿಗೆಗಳಿಲ್ಲದಿದ್ದರೆ ಹೋಲಿಸಲು ಹಳೆಯ ಚಿಪ್ಪೇ ಇರುತ್ತಿರಲಿಲ್ಲ. ಅಮೆರಿಕ 1972ರಲ್ಲಿ ಡಿಡಿಟಿಯ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಪೆರಿಗ್ರಿನ್‌ಗಳು ಚೇತರಿಸಿಕೊಂಡವು.

ದಕ್ಷಿಣ ಏಷ್ಯಾದ ರಣಹದ್ದುಗಳಿಗೆ ಆ ಅದೃಷ್ಟ ಇನ್ನೂ ಒದಗಿಲ್ಲ. ಭಾರತದಲ್ಲಿ 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡಾ 99.9ರಷ್ಟು ಕುಸಿದದ್ದು ರಸ್ತೆಯುದ್ದಕ್ಕೂ ಮತ್ತೆ ಮತ್ತೆ ನಡೆಸಿದ ಎಣಿಕೆಯಿಂದ ತಿಳಿಯಿತು. ದನಗಳಿಗೆ ಕೊಡುತ್ತಿದ್ದ ನೋವು ನಿವಾರಕ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸುತ್ತದೆಂದು 2004ರಲ್ಲಿ ಸಾಬೀತಾಯಿತು. 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಹದ್ದುಗಳಿಗೆ ಮಾರಕವಾದ ಇಂಥವೇ ನೋವು ನಿವಾರಕಗಳಾದ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಯ ಪಾಲಿಗೆ ಈ ವಿಳಂಬ ತೀರಾ ದೊಡ್ಡದು.