ಕಂಪನಿಯೇ ಹೊಸದು ಮಾಡಿದ ಹಳೇ ಡಾಟ್ಸನ್‌ಗೆ ಎಷ್ಟು ಬೆಲೆ?

ಕ್ಯಾಲಿಫೋರ್ನಿಯಾದಲ್ಲಿ ಹಳೇ ಸ್ಪೋರ್ಟ್ಸ್ ಕಾರುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಬರುವವರು ಬಾನೆಟ್ ಎತ್ತುವ ಮೊದಲೇ ಬಿಲ್ಲುಗಳ ಫೈಲು ತೆಗೆಯುತ್ತಾರೆ. "ಇಷ್ಟು ಸುರಿದಿದ್ದೀನಿ ಸಾರ್, ಇದರ ಮೇಲೆ ಎಷ್ಟು ಹಾಕ್ತೀರಿ?" ಅಯ್ಯೋ, ನೀವು ಸುರಿದದ್ದು ನಿಮ್ಮ ಖರ್ಚು. ಬೆಲೆ ಹೇಳುವವನು ಕೊಳ್ಳುವವನು, ಅವನಿಗೆ ನಿಮ್ಮ ಫೈಲು ಏಕೆ ಬೇಕು?

ಈ ಪಾಠ ನಿಸ್ಸಾನ್‌ಗೂ ಆಗಿದೆ. 1996ರಲ್ಲಿ ಅಮೆರಿಕದಲ್ಲಿ ಅವರ ಝಡ್ ಎಂಬ ಸ್ಪೋರ್ಟ್ಸ್ ಕಾರಿನ ಮಾರಾಟ ನಿಂತಿತು. ಜನ ಹೆಸರು ಮರೆಯದಿರಲಿ ಎಂದು ಕಂಪನಿ ತಾನೇ 1970ರ ದಶಕದ ಆರಂಭದಲ್ಲಿ ತನ್ನ ಡಾಟ್ಸನ್ ಬ್ರಾಂಡಿನಲ್ಲಿ ಬಂದ ಮೊದಲ ಝಡ್, ಅಂದರೆ 240ಝಡ್‌ಗಳನ್ನು ಹುಡುಕಿ ಕೊಂಡು, ಪೂರ್ತಿ ಬಿಚ್ಚಿಸಿ, ಹೊಸದರಂತೆ ಮಾಡಿಸಿ, ಡೀಲರುಗಳ ಮೂಲಕ ಸುಮಾರು 25,000 ಡಾಲರ್‌ಗೆ ಮಾರಿತು. 1970ರಲ್ಲಿ ಹೊಸ ಕಾರಿಗೇ 3,526 ಡಾಲರ್ ಇತ್ತು. ಆದರೂ ಒಂದೊಂದಕ್ಕೆ ತಗುಲಿದ ಖರ್ಚು ಮಾರಿದ ಬೆಲೆಯನ್ನು ದಾಟಿತು. ಸುಮಾರು 40 ಕಾರಿಗೆ ಯೋಜನೆ ನಿಂತಿತು. ತಯಾರಿಸಿದವರಿಗೇ ಗಿಟ್ಟಲಿಲ್ಲ, ನಿಮಗೆ ಗಿಟ್ಟುತ್ತಾ?

ಖರ್ಚೆಲ್ಲ ಹೋಗುವುದು ಕಣ್ಣಿಗೆ ಕಾಣದ ಕಡೆ. ಬ್ಯಾಟರಿ ತಟ್ಟೆಯ ಕೆಳಗೆ, ಕಾಲಿಡುವ ನೆಲದಲ್ಲಿ, ಅದರಡಿಯ ಉದ್ದ ಪಟ್ಟಿಗಳಲ್ಲಿ ತುಕ್ಕು. ಬಣ್ಣ ಕೆರೆದ ಮೇಲೇ ಅದು ಎಷ್ಟಿದೆ ಗೊತ್ತಾಗೋದು, ಹಾಗಾಗಿ ಮೊದಲೇ ಎಸ್ಟಿಮೇಟ್ ಕೊಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಿಸಿಲಿಗೆ ಸೀಳುವ ಡ್ಯಾಶ್‌ಬೋರ್ಡ್ ಬೇರೆ.

ಬಿಲ್ಲು ಎಸೆಯಿರಿ ಎನ್ನುತ್ತಿಲ್ಲ. ಇನ್ಶೂರೆನ್ಸ್‌ಗೆ ಬೇಕು, ಕೆಲಸ ನಡೆದದ್ದಕ್ಕೆ ಸಾಕ್ಷಿಯೂ ಹೌದು. ಕಂಪನಿ ಮಾಡಿಸಿದ ಆ ಝಡ್‌ಗಳಿಗೂ ದಾಖಲೆ ಪೂರ್ತಿ ಇದ್ದು, ಎಂಜಿನ್ ನಂಬರು ಎಂಜಿನ್ ಕೋಣೆಯ ಫಲಕದಲ್ಲಿರುವ ನಂಬರಿಗೆ ಹೊಂದಿದರೆ, ಸ್ವಲ್ಪ ಜಾಸ್ತಿ ಸಿಗಬಹುದು. ಸಿಕ್ಕೇ ಸಿಗುತ್ತದೆ ಎಂದು ಬರೆದು ಕೊಡಲಾರೆ. 2020ರಲ್ಲಿ 1971ರ ಒಂದು 240ಝಡ್ ಹರಾಜಿನಲ್ಲಿ 3,10,000 ಡಾಲರ್‌ಗೆ ಹೋಯಿತು, ಅದು ತೀರಾ ಕಡಿಮೆ ಓಡಿದ, ಹೆಚ್ಚುಕಡಿಮೆ ಇದ್ದ ಹಾಗೇ ಉಳಿದಿದ್ದ ಕಾರು.

ಈಚೆಗೆ ಒಬ್ಬರು ತಂದೆಯ ಝಡ್ ತಂದರು. ಬಣ್ಣ ಮಾಸಿತ್ತು, ಆದರೆ ಮೂಲದ್ದೇ. ಬಹಳ ಒಳ್ಳೇ ಮನುಷ್ಯ, ತಂದೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಹಾಕಿಸಿ, ಬೇರೇನೂ ಮುಟ್ಟಬೇಡಿ ಎಂದೆ. ತಲೆಯಾಡಿಸಿದರು. ಮುಂದಿನ ವಾರ ಪೇಂಟಿಂಗ್ ಶೆಡ್‌ನಿಂದ ಫೋಟೋ ಕಳಿಸಿದ್ದಾರೆ, ಯಾವ ಕೆಂಪು ಚೆನ್ನ ಅಂತ ಕೇಳಿಕೊಂಡು.