ಹಡಗು ದಿಮ್ಮಿಯ ಮೇಲೆ ಕೂರುವ ಗಳಿಗೆ

ಹಡಗಿನ ತಳದ ರಿಪೇರಿ ನಡೆಯುವ ಡ್ರೈ ಡಾಕಿನಲ್ಲಿ ಹಡಗನ್ನು ಯಾರೂ ಎತ್ತುವುದಿಲ್ಲ, ಅದರ ಕೆಳಗಿನ ನೀರನ್ನು ತೆಗೆಯುತ್ತಾರೆ. ಕಡಲಂಚಿನಲ್ಲಿ ಕಟ್ಟಿದ ಕಾಂಕ್ರೀಟ್ ತೊಟ್ಟಿ, ಅದಕ್ಕೊಂದು ಬಾಗಿಲು. ಬಾಗಿಲು ಸಾಮಾನ್ಯವಾಗಿ ಕೈಸನ್, ಅಂದರೆ ಒಳಗೆ ಟೊಳ್ಳಾದ ಉಕ್ಕಿನ ಪೆಟ್ಟಿಗೆ. ನೀರು ತುಂಬಿದರೆ ಹೊಸ್ತಿಲ ಮೇಲೆ ಕೂರುತ್ತದೆ, ಖಾಲಿ ಮಾಡಿದರೆ ತೇಲುತ್ತದೆ. ಹಡಗು ಒಳಗೆ ಬಂದ ಮೇಲೆ ಬಾಗಿಲು ಹಾಕಿ ಪಂಪು ಶುರುಮಾಡಿದರೆ, ಹೊರಗಿನ ಸಮುದ್ರವೇ ಅದನ್ನು ಅದುಮಿ ಹಿಡಿದು ಸೋರದಂತೆ ನೋಡಿಕೊಳ್ಳುತ್ತದೆ.

ಕಷ್ಟದ ಕೆಲಸ ಮುಗಿದಿರುವುದು ಹಡಗು ಬರುವ ಮುಂಚೆ. ಪ್ರತಿ ಹಡಗಿಗೂ ಒಂದು ಡಾಕಿಂಗ್ ಪ್ಲಾನ್ ಇರುತ್ತದೆ. ಅದರಲ್ಲಿ ಹಡಗಿನೊಳಗಿನ ಗಟ್ಟಿ ಅಡ್ಡಗೋಡೆಗಳು ಎಲ್ಲಿವೆ, ನೀರು ಹೀರುವ ಬಾಯಿಗಳು ಎಲ್ಲಿ, ಟ್ಯಾಂಕಿನ ಅಡಿಬಿರಡೆಗಳು ಎಲ್ಲಿ ಎಂಬುದನ್ನು ನೋಡಿ, ಖಾಲಿ ಡಾಕಿನ ನೆಲದ ಮೇಲೆ ಕೀಲ್ ಬ್ಲಾಕುಗಳನ್ನು, ಅಂದರೆ ಹಡಗಿನ ತಳವನ್ನು ಹೊರುವ ದಿಮ್ಮಿಗಳನ್ನು, ಸಾಲಾಗಿ ಜೋಡಿಸುತ್ತಾರೆ. ಕೆಳಗೆ ಕಾಂಕ್ರೀಟ್, ನಡುವೆ ಗಟ್ಟಿಮರ, ಮೇಲೆ ಮೆದುಮರ. ಮೇಲಿನ ಮರ ಮೆದುವಾಗಿರಬೇಕಾದದ್ದು ಬೇಕೆಂದೇ: ತಳದ ಉಬ್ಬುತಗ್ಗಿಗೆ ಅದು ಜಜ್ಜಿಕೊಂಡು ಭಾರವನ್ನು ಹಂಚುತ್ತದೆ. ಒಂದೇ ಬ್ಲಾಕ್ ಎರಡು ಬೆರಳು ಎತ್ತರವಾಯಿತೋ, ಪಕ್ಕದವುಗಳ ಪಾಲೂ ಅದರ ಮೇಲೇ ಬಿದ್ದು ತಳದ ತಗಡು ಒಳಕ್ಕೆ ಬಗ್ಗುತ್ತದೆ.

ಹಡಗು ಸಾಮಾನ್ಯವಾಗಿ ಹಿಂಭಾಗ ಸ್ವಲ್ಪ ಆಳಕ್ಕಿಳಿದೇ ಬರುತ್ತದೆ. ಹಾಗಾಗಿ ನೀರಿಳಿದಾಗ ಮೊದಲು ಹಿಂತುದಿ ಬ್ಲಾಕಿಗೆ ತಾಗುತ್ತದೆ. ಮುಂಭಾಗ ಇನ್ನೂ ತೇಲುತ್ತಿರುತ್ತದೆ. ಡಾಕ್ ಮಾಸ್ಟರ್ ಉಸಿರು ಬಿಗಿಹಿಡಿಯುವುದು ಆಗಲೇ. ಬ್ಲಾಕು ತಳದಿಂದ ಮೇಲಕ್ಕೆ ಒತ್ತುತ್ತದೆ. ತಳದ ಭಾರ ಅಷ್ಟು ಕಳೆದಂತೆ, ಗುರುತ್ವ ಕೇಂದ್ರ ಮೇಲಕ್ಕೆ ಹೋದಂತೆಯೇ ಲೆಕ್ಕ, ಹಡಗು ತಲೆಭಾರವಾಗುತ್ತದೆ.

ಒಂದು ಲೆಕ್ಕ ಹಾಕೋಣ. 10,000 ಟನ್ ಹಡಗು, ಮುಂದಿಗಿಂತ ಹಿಂದೆ 1 ಮೀಟರ್ ಆಳ. ಹಿಂದುಮುಂದಿನ ಆಳದ ಈ ವ್ಯತ್ಯಾಸವನ್ನು 1 ಸೆಂ.ಮೀ. ಬದಲಿಸಲು 120 ಟನ್-ಮೀಟರ್ ಬೇಕು, ಹಿಂಬ್ಲಾಕು ತೇಲುಕೇಂದ್ರದಿಂದ (ಹಡಗು ಹಿಂದೆಮುಂದೆ ಏರಿಳಿಯುವಾಗ ತಿರುಗುವ ಬಿಂದು) 60 ಮೀಟರ್ ದೂರ ಎಂದಿಟ್ಟುಕೊಳ್ಳಿ. ಹಡಗು ಪೂರ್ತಿ ಕೂರುವ ಮುನ್ನ ಹಿಂಬ್ಲಾಕಿನ ಒತ್ತು 120×100÷60, ಅಂದರೆ 200 ಟನ್. ಹಡಗು ಬದಿಗೆ ಓಲಾಡುವಾಗ ತೂಗುಬಿದ್ದಂತಿರುವ ಬಿಂದುವೇ ಮೆಟಾಸೆಂಟರ್; ಅದು ಗುರುತ್ವ ಕೇಂದ್ರಕ್ಕಿಂತ ಎಷ್ಟು ಮೇಲಿದೆ ಎಂಬುದೇ ಸ್ಥಿರತೆಯ ಅಳತೆ. ತಳದಿಂದ ಮೆಟಾಸೆಂಟರ್ ಎತ್ತರ 8 ಮೀಟರ್ ಆದರೆ ಆ ಅಳತೆಯಲ್ಲಿ ಕಳೆದುಹೋಗುವುದು 200×8÷10,000, ಅಂದರೆ ಸುಮಾರು 16 ಸೆಂ.ಮೀ. ಮೊದಲು 60 ಇದ್ದರೆ ಚಿಂತೆಯಿಲ್ಲ. ಅದೇ ಹಡಗು ಹಿಂದೆ 3 ಮೀಟರ್ ಆಳಕ್ಕಿಳಿದು ಬಂದರೆ 48 ಹೋಗಿ, 12 ಉಳಿಯುತ್ತದೆ. ಅದರ ಜೊತೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತುಳುಕುತ್ತಿದ್ದರೆ ಆ 12 ಕೂಡ ಉಳಿಯದು. ಟ್ಯಾಂಕುಗಳು ತುಂಬಿರಲಿ ಇಲ್ಲವೇ ಖಾಲಿಯಿರಲಿ, ನಡುವೆ ಬೇಡ ಎನ್ನುವುದು ಇದಕ್ಕೇ.

ಹೊರಡುವಾಗಲೂ ಇದೇ ಗಂಡಾಂತರ, ಕ್ರಮ ಮಾತ್ರ ತಿರುಗುಮುರುಗು. 2016ರ ಡಿಸೆಂಬರ್ 5ರಂದು ಮುಂಬೈ ನೌಕಾ ಡಾಕ್‌ಯಾರ್ಡಿನಲ್ಲಿ ಐಎನ್‌ಎಸ್ ಬೇತ್ವಾ ಯುದ್ಧನೌಕೆ ಡಾಕಿನಿಂದ ಹೊರಡಿಸುವ ಹೊತ್ತಿನಲ್ಲೇ ಬದಿಗೆ ಮಗುಚಿತು. ಇಬ್ಬರು ನಾವಿಕರು ಸತ್ತರು.

ನಮ್ಮ ಕಾರವಾರದ ನೌಕಾನೆಲೆಯಲ್ಲಿ ಬೇರೆ ದಾರಿ: ಶಿಪ್‌ಲಿಫ್ಟ್. ಇಲ್ಲಿ ನಿಜಕ್ಕೂ ಎತ್ತುತ್ತಾರೆ. ನೀರಲ್ಲಿ ಮುಳುಗಿಸಿದ ವೇದಿಕೆಯ ಮೇಲೆ ಹಡಗನ್ನು ನಿಲ್ಲಿಸಿ, ಇಕ್ಕೆಲದ ವಿಂಚುಗಳು ಒಂದೇ ವೇಗದಲ್ಲಿ ಉಕ್ಕಿನ ಹಗ್ಗ ಸುತ್ತುತ್ತವೆ. ಸಾಮರ್ಥ್ಯ 10,000 ಟನ್. ಮೇಲೆ ಬಂದ ಹಡಗನ್ನು ಹಳಿಗಳ ಮೇಲೆ ಜರುಗಿಸಿ ಬದಿಗಿಟ್ಟರೆ ಲಿಫ್ಟ್ ಮುಂದಿನ ಹಡಗಿಗೆ ಖಾಲಿ. ಡ್ರೈ ಡಾಕಿಗೆ ಈ ಸೌಕರ್ಯ ಇಲ್ಲ. ಒಳಗಿನ ಹಡಗಿನ ಕೆಲಸ ಮುಗಿಯುವ ತನಕ ಅದು ಅಲ್ಲೇ.

ವಾರಗಟ್ಟಲೆ ಪಾಚಿ, ಚಿಪ್ಪು ಕೆರೆದು, ಬಣ್ಣ ಬಳಿದು, ತುಕ್ಕು ತಡೆಯುವ ಸತುವಿನ ಆನೋಡುಗಳನ್ನು ಬದಲಿಸಿದ ಮೇಲೆ, ಟ್ಯಾಂಕುಗಳ ಮಟ್ಟವನ್ನು ಬಂದ ದಿನದ ಪಟ್ಟಿಗೆ ಹೋಲಿಸಿ ನೋಡುತ್ತಾರೆ. ತೆಗೆದಿಟ್ಟ ಅಡಿಬಿರಡೆಗಳನ್ನು ಒಂದೊಂದಾಗಿ ಎಣಿಸಿ ಹಾಕುತ್ತಾರೆ. ಆಮೇಲೆ ನೀರು ಬಿಡುವುದು, ಅದೂ ಒಂದೇ ಸಲಕ್ಕಲ್ಲ. ನೀರು ಹೀರುವ ಬಾಯಿಗಳು ಮುಳುಗಿದ ಕೂಡಲೇ ನಿಲ್ಲಿಸಿ, ಟಾರ್ಚ್ ಹಿಡಿದು ಒಳಗಿಳಿದು ಪ್ರತಿ ವಾಲ್ವಿನ ಸುತ್ತ ಬೆರಳಾಡಿಸಿ ನೋಡುತ್ತಾರೆ. ಎಲ್ಲಾದರೂ ಒದ್ದೆಯಾಗಿದ್ದರೆ, ಹಡಗು ತೇಲುವ ಮುನ್ನ ನೀರನ್ನು ಮತ್ತೆ ಇಳಿಸುತ್ತಾರೆ.