ಮೀಟರ್ ಕೆಂಪಾಗಲಿಲ್ಲ, ಚಂಡೆ ಮಾತ್ರ ಒಡೆದಿತ್ತು: ಬಯಲಾಟ ರೆಕಾರ್ಡ್ ಮಾಡುವವರಿಗೆ ಟಿಪ್ಪಣಿ

ಹೊಸನಗರದ ಕಡೆ ಒಂದು ಯಕ್ಷಗಾನ ಬಯಲಾಟ. ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತ್ತು. ಅಂಗೈಯಗಲದ ರೆಕಾರ್ಡರಿಗೆ ಸಣ್ಣದೊಂದು ಮೈಕ್ ಸಿಕ್ಕಿಸಿ ರಾತ್ರಿಯಿಡೀ ಆಟ ಹಿಡಿದೆ. ದನಿಯ ಮಟ್ಟ ತೋರಿಸುವ ಮೀಟರ್ ಒಂದು ಸಲವೂ ಕೆಂಪಿಗೆ ಹೋಗಲಿಲ್ಲ. ನೆಮ್ಮದಿಯಿಂದ ಮನೆಗೆ ಬಂದು ಮಲಗಿದೆ. ಮಧ್ಯಾಹ್ನ ಎದ್ದು ಹೆಡ್‌ಫೋನ್ ಹಾಕಿಕೊಂಡರೆ, ಭಾಗವತರ ಪದ ಚೆನ್ನಾಗಿದೆ, ಮದ್ದಲೆಯೂ ಪರವಾಗಿಲ್ಲ. ಚಂಡೆ ಶುರುವಾಯಿತೋ ಇಲ್ಲವೋ, ಹರಿದ ತಗಡು ಬಡಿದ ಹಾಗೆ ಕರ್ರ್ ಕರ್ರ್.

ಕೆಂಪು ದೀಪ ಹತ್ತದೆ ದನಿ ಒಡೆಯುವುದು ಹೇಗೆ? ಇದು ಅರ್ಥವಾಗಲು ನನಗೆ ಎರಡು ಸೀಸನ್ ಹಿಡಿಯಿತು. ಹೊಸದಾಗಿ ಕಲಿಯುವವರಿಗೆ ಅಷ್ಟು ದಿನ ಬೇಡ ಅಂತ ಬರೆದಿಟ್ಟಿದ್ದೇನೆ.

ದನಿ ಮೂರು ಬಾಗಿಲು ದಾಟಿ ಕಾರ್ಡಿಗೆ ಬರುತ್ತದೆ. ಮೊದಲನೆಯದು ಮೈಕು. ಎರಡನೆಯದು ಪ್ರೀಆಂಪ್, ಅಂದರೆ ಮೈಕಿನ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡುವ ಭಾಗ. ಮೂರನೆಯದು ಅದನ್ನು ಅಂಕಿಗಳಾಗಿ ಬದಲಿಸುವ ಕನ್ವರ್ಟರ್. ಒಂದೊಂದಕ್ಕೂ ಒಂದೊಂದು ಎತ್ತರವಿದೆ. ಎತ್ತರ ಮೀರಿ ಬಂದ ಅಲೆಯ ತಲೆ ಅಲ್ಲೇ ಕತ್ತರಿಸಿ ಹೋಗುತ್ತದೆ. ಮೀಟರ್ ತೋರಿಸುವುದು ಸಾಮಾನ್ಯವಾಗಿ ಮೂರನೇ ಬಾಗಿಲನ್ನು ಮಾತ್ರ. ಮೊದಲೆರಡರಲ್ಲಿ ತಲೆ ಹೋಗಿದ್ದರೆ ಅದಕ್ಕೆ ಗೊತ್ತಾಗುವುದೇ ಇಲ್ಲ!

ಒಡೆದ ಫೈಲನ್ನು ಆಡಾಸಿಟಿ ಎಂಬ ದನಿ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು, ಒಂದೇ ಒಂದು ಚಂಡೆ ಪೆಟ್ಟು ಪರದೆ ತುಂಬುವಷ್ಟು ಹಿಗ್ಗಿಸಿ ನೋಡಿದೆ. ಅಲೆಯ ತುದಿಗಳು ಚೂಪಾಗಿರಬೇಕಿತ್ತು. ನನ್ನವು ಬೇಲಿ ಸವರಿದ ಹಾಗೆ ಒಂದೇ ಮಟ್ಟದಲ್ಲಿ ಚಪ್ಪಟೆ. ಆ ಮಟ್ಟ ಸೊನ್ನೆ ಡೆಸಿಬೆಲ್, ಅಂದರೆ ಮೂರನೇ ಬಾಗಿಲಿನ ತುತ್ತತುದಿ, ಅಲ್ಲ; ಅದಕ್ಕಿಂತ ಕೆಳಗೆ, ಮೈನಸ್ 10ರ ಹತ್ತಿರ. ಕಳ್ಳ ಸಿಕ್ಕಿದ್ದು ಅಲ್ಲೇ. ಸೊನ್ನೆಯಲ್ಲಿ ಚಪ್ಪಟೆಯಾಗಿದ್ದರೆ ರೆಕಾರ್ಡಿಂಗ್ ಲೆವೆಲ್ ಜಾಸ್ತಿಯಾಗಿತ್ತು ಅಂತ ಅರ್ಥ. ಸೊನ್ನೆಗಿಂತ ಕೆಳಗೇ ಚಪ್ಪಟೆಯಾಗಿದ್ದರೆ ಲೆವೆಲ್ ಗುಂಡಿಯ ತನಕ ಬರುವ ಮೊದಲೇ ತಲೆ ಹೋಗಿದೆ. ಎಷ್ಟೋ ಸಣ್ಣ ರೆಕಾರ್ಡರುಗಳಲ್ಲಿ ಈ ಗುಂಡಿ ಪ್ರೀಆಂಪ್ ಆದಮೇಲೆ ಇರುತ್ತದೆ. ನಾನು ಚಂಡೆಗೆ ಹೆದರಿ ಹತ್ತರಲ್ಲಿ ಎರಡಕ್ಕೆ ಇಳಿಸಿದ್ದೆ. ಅದರಿಂದ ಆಗಿದ್ದಿಷ್ಟೇ, ಒಡೆದ ದನಿ ಮೆಲ್ಲಗೆ ರೆಕಾರ್ಡ್ ಆಯಿತು.

ಅವತ್ತಿನಿಂದ ನನಗೊಂದು ಲೆಕ್ಕ. ಮೀಟರನ್ನು ಸುಮ್ಮನಿರಿಸಲು ಗುಂಡಿಯನ್ನು ಒಂದು ಎರಡಕ್ಕೆ ಇಳಿಸಬೇಕಾಯಿತು ಅಂದರೆ ಹಿಂದಿನ ಬಾಗಿಲಲ್ಲಿ ನೂಕುನುಗ್ಗಲು ಇದೆ. ಆಗ ಮೈಕ್ ಸೆನ್ಸಿಟಿವಿಟಿಯ ಸ್ವಿಚ್ಚನ್ನು ಹೈನಿಂದ ಲೋಗೆ ಹಾಕಬೇಕು. ಅದಿಲ್ಲದಿದ್ದರೆ ಮೆನುವಿನಲ್ಲಿ ಪ್ಯಾಡ್ ಅಂತ, ಅಂದರೆ ಬರುವ ದನಿಯನ್ನು ಮೊದಲೇ ತಗ್ಗಿಸುವ ಆಯ್ಕೆ, ಇದೆಯಾ ನೋಡಬೇಕು. ಮುಂದಿನ ಆಟಕ್ಕೆ ಅದೇ ರೆಕಾರ್ಡರು, ಅದೇ ಮೈಕು. ಸ್ವಿಚ್ ಲೋನಲ್ಲಿ, ಗುಂಡಿ ಐದರಲ್ಲಿ. ಚಂಡೆ ಚಂಡೆಯ ಹಾಗೇ ಕೇಳಿಸಿತು.

ಪ್ರೀಆಂಪ್ ಸರಿಯಿದ್ದೂ ಮೈಕೇ ಸೋಲಬಹುದು. ರೆಕಾರ್ಡರಿಗೆ ಸಿಕ್ಕಿಸುವ ಸಣ್ಣ ಎಲೆಕ್ಟ್ರೆಟ್ ಮೈಕುಗಳ ಒಳಗೇ ಒಂದು ಪುಟಾಣಿ ಟ್ರಾನ್ಸಿಸ್ಟರ್ ಇರುತ್ತದೆ. ಅದಕ್ಕೆ ರೆಕಾರ್ಡರು ಕೊಡುವುದು ಎರಡು ಮೂರು ವೋಲ್ಟ್ ಮಾತ್ರ. ಅದಕ್ಕೇ ಅನುಭವಸ್ಥರು ನಡುವೆ 9 ವೋಲ್ಟಿನ ಬ್ಯಾಟರಿ ಡಬ್ಬಿ ಹಾಕಿಕೊಳ್ಳುತ್ತಾರೆ. ವೋಲ್ಟೇಜ್ ಜಾಸ್ತಿ ಸಿಕ್ಕರೆ ದೊಡ್ಡ ದನಿಯನ್ನೂ ಮೈಕು ತಾಳುತ್ತದೆ. ಸ್ಟೇಜಿನ ಮೇಲೆ ಹಾಡುವವರು ಹಿಡಿಯುವ ಡೈನಮಿಕ್ ಮೈಕಿಗೆ ಈ ತಾಪತ್ರಯ ಇಲ್ಲವೆಂದೇ ಹೇಳಬೇಕು. ಅದರೊಳಗೆ ಇರುವುದು ಸುರುಳಿ ಮತ್ತು ಅಯಸ್ಕಾಂತ ಅಷ್ಟೇ.

ಖರ್ಚಿಲ್ಲದ ಉಪಾಯ ಹಿಂದೆ ಸರಿಯುವುದು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರಿನಿಂದ ಎಂಟು ಮೀಟರಿಗೆ ಹೋದರೆ 12. ತಗಡಿನ ಶೀಟಿನ ಕೆಳಗೆ ಅಷ್ಟು ಇಳಿಯುವುದಿಲ್ಲ, ಅಲ್ಲಿ ದನಿ ಸುತ್ತಲಿಂದ ವಾಪಸ್ ಬರುತ್ತದೆ. ಆದರೆ ಹಿಂದೆ ಹೋದಷ್ಟೂ ಧ್ವನಿವರ್ಧಕದ ಹಾರ್ನ್ ಹತ್ತಿರವಾಗುತ್ತದೆ, ಕಡ್ಲೆಕಾಯಿ ಮಾರುವವರೂ ಹತ್ತಿರವಾಗುತ್ತಾರೆ. ಹಾರ್ನಿನಿಂದಲೇ ದನಿ ಒಡೆದು ಬರುತ್ತಿದ್ದರೆ ಎಂಥ ದುಬಾರಿ ರೆಕಾರ್ಡರೂ ಒಡೆದದ್ದನ್ನೇ ಹಿಡಿಯುತ್ತದೆ. ಒಮ್ಮೆ ಹೆಡ್‌ಫೋನ್ ತೆಗೆದು ಬರಿಗಿವಿಯಲ್ಲಿ ಕೇಳಿ ನೋಡಿ. ಅಲ್ಲೂ ಕರಕರ ಅನ್ನುತ್ತಿದ್ದರೆ ಜಾಗ ಬದಲಿಸುವುದೊಂದೇ ದಾರಿ.

ಲೆವೆಲ್ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನು 24 ಬಿಟ್‌ನಲ್ಲಿ, ಅತಿ ಜೋರು ಪೆಟ್ಟು ಮೈನಸ್ 12 ದಾಟದ ಹಾಗೆ ಇಡುತ್ತೇನೆ. ಅಷ್ಟು ಕಮ್ಮಿ ಇಟ್ಟರೆ ಗುಣಮಟ್ಟ ಹಾಳಾಗಲ್ವಾ? 16 ಬಿಟ್‌ನಲ್ಲಿ ಅತಿ ಮೆಲ್ಲಗಿನಿಂದ ಅತಿ ಜೋರಿನ ತನಕ ಸಿಗುವ ಹರವು ಸುಮಾರು 96 ಡೆಸಿಬೆಲ್, 24 ಬಿಟ್‌ನಲ್ಲಿ ಲೆಕ್ಕಕ್ಕೆ 144. ಹನ್ನೆರಡು ಬಿಟ್ಟುಕೊಟ್ಟರೂ ಕಳೆದುಕೊಳ್ಳುವುದು ಏನೂ ಇಲ್ಲ. ನಮ್ಮ ಕಡೆಯ ಜೀರುಂಡೆ ಮತ್ತು ಜನರೇಟರ್ ಸದ್ದೇ ರೆಕಾರ್ಡರಿನ ಗುಯ್‌ಗುಡುವಿಕೆಯನ್ನು ಮುಚ್ಚಿಹಾಕುತ್ತದೆ. ಮನೆಗೆ ಬಂದು ದನಿ ಏರಿಸಿಕೊಳ್ಳಬಹುದು. ಹೋದ ತಲೆಯನ್ನು ಅಂಟಿಸಲು ಆಗುವುದಿಲ್ಲ.

ಆದರೆ ಆ ಅತಿ ಜೋರು ಪೆಟ್ಟು ಯಾವುದು ಅಂತ ಮೊದಲೇ ಹೇಗೆ ತಿಳಿಯಬೇಕು? ಆಟಕ್ಕೆ ಮುಂಚೆ ಬಾರಿಸುವ ‘ಕೇಳಿ’ ಎಂಬ ವಾದನ ನೋಡಿ ಲೆವೆಲ್ ಇಟ್ಟು ನಾನು ಮೋಸ ಹೋಗಿದ್ದೇನೆ. ರಾಕ್ಷಸ ವೇಷದ ಪ್ರವೇಶಕ್ಕೆ ಅದೇ ಕೈಗಳು ಇನ್ನೆಷ್ಟೋ ಜೋರಾಗಿ ಬೀಳುತ್ತವೆ. ಈಗ ಕೇಳಿಗೆ ಮೈನಸ್ 20 ತೋರಿಸಿದರೆ ಸಾಕು ಅಂತ ಬಿಡುತ್ತೇನೆ. ಡೊಳ್ಳಿನ ಮೆರವಣಿಗೆಯಂತೂ ಇನ್ನೂ ಕಷ್ಟ. ಶಿವಮೊಗ್ಗದ ದಸರಾದಲ್ಲಿ ತಂಡ ರಸ್ತೆಯ ಆ ತುದಿಯಲ್ಲಿ ಇರುವಾಗ ಲೆವೆಲ್ ನೋಡಿಕೊಂಡರೆ, ಎದುರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗೇ ಗಾಳಿಗೆಂದು ಲೋ ಕಟ್ (ತಗ್ಗು ಸ್ವರಗಳನ್ನು ಕತ್ತರಿಸುವ ಸೌಲಭ್ಯ) ಹಾಕುವ ಅಭ್ಯಾಸ ಇದ್ದರೆ ಡೊಳ್ಳಿಗೆ ಯೋಚಿಸಿ ಹಾಕಿ, ಎದೆಗೆ ಗುದ್ದುವ ಆ ಗುಮ್ ಅನ್ನುವುದೇ ಹೋದೀತು. ಅದಕ್ಕಿಂತ ಮೈಕಿಗೆ ತುಪ್ಪಳದ ಟೋಪಿ ವಾಸಿ.

ಆಟೋ ಲೆವೆಲ್ ಬೇಡವೇ ಬೇಡ. ಚಂಡೆ ಬಿದ್ದಾಗ ಅದು ಎಲ್ಲವನ್ನೂ ತಗ್ಗಿಸುತ್ತದೆ, ಮತ್ತೆ ನಿಧಾನಕ್ಕೆ ಏರಿಸುತ್ತದೆ. ಚಂಡೆ ನಿಂತು ಭಾಗವತರು ಪದ ಎತ್ತುವಾಗ ಮೊದಲ ಎರಡು ಅಕ್ಷರ ನುಂಗಿಹೋಗಿರುತ್ತವೆ. ಫೋನಿನಲ್ಲಿ ಹಿಡಿದ ಆಟದ ವಿಡಿಯೋ ಕೇಳಿದವರಿಗೆ ಈ ಉಸಿರಾಟ ಗೊತ್ತು.

ಮೈಕ್‌ಸೆಟ್‌ನವರು ಒಳ್ಳೆಯವರಾದರೆ ಮಿಕ್ಸರಿನಿಂದ ವೈರ್ ಕೊಡುತ್ತಾರೆ. ಅದನ್ನು ಮೈಕ್ ಇನ್‌ಗೆ ಚುಚ್ಚಬೇಡಿ. ಮೈಕಿನಿಂದ ಬರುವುದು ಮಿಲಿವೋಲ್ಟ್ ಲೆಕ್ಕದಲ್ಲಿ, ಮಿಕ್ಸರಿನಿಂದ ಬರುವುದು ವೋಲ್ಟ್ ಲೆಕ್ಕದಲ್ಲಿ. ಲೈನ್ ಇನ್‌ಗೇ ಹಾಕಬೇಕು. ಒಂದೇ ತೂತು ಇರುವ ರೆಕಾರ್ಡರಾದರೆ ಮೆನುವಿನಲ್ಲಿ ಲೈನ್ ಆರಿಸಿ, ಮೈಕಿಗೆ ಕೊಡುವ ಪವರನ್ನು ಆಫ್ ಮಾಡಿ ಆಮೇಲೆ ಚುಚ್ಚಿ. ಇನ್ನೊಂದು, ಸಣ್ಣ ಜಾಗದಲ್ಲಿ ಚಂಡೆಗೆ ಮೈಕೇ ಇಟ್ಟಿರುವುದಿಲ್ಲ. ಆಗ ಮಿಕ್ಸರಿನ ವೈರಿನಲ್ಲಿ ಭಾಗವತರಿರುತ್ತಾರೆ, ಚಂಡೆ ಎಲ್ಲೋ ಪಕ್ಕದೂರಿನಲ್ಲಿ ಬಾರಿಸಿದ ಹಾಗೆ ಇರುತ್ತದೆ.

32 ಬಿಟ್ ಫ್ಲೋಟ್ (ಎಷ್ಟು ಜೋರಿನ ಅಂಕಿಯನ್ನೂ ಕತ್ತರಿಸದೆ ಬರೆದಿಡುವ ವಿಧಾನ) ಬಂದಮೇಲೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. 2024ರಲ್ಲಿ ಬಂದ ಝೂಮ್ ಎಚ್1 ಎಸೆನ್ಷಿಯಲ್‌ನಂಥ ಸಣ್ಣ ಯಂತ್ರದಲ್ಲೂ ಅದಿದೆ, ಲೆವೆಲ್ ಗುಂಡಿಯ ಚಿಂತೆಯೇ ಇಲ್ಲ. ನಿಜ. ಆದರೆ ಅದು ಕಾಯುವುದು ಮೂರನೇ ಬಾಗಿಲನ್ನು. ಮೈಕು ಸೋತರೆ ಅದಕ್ಕೂ ದಿಕ್ಕಿಲ್ಲ.

ಅಂಟಿಗೆ ಪಿಂಟಿಗೆ ಹಿಡಿಯುವಾಗ ಲೆಕ್ಕವೇ ಬೇರೆ. ದೀಪ ಹಿಡಿದು ಮನೆಯಿಂದ ಮನೆಗೆ ಹೋಗುವ ನಾಲ್ಕೈದು ಜನರ ಹಾಡು ಮೆತ್ತಗಿರುತ್ತದೆ ಅಂತ ಲೆವೆಲ್ ಏರಿಸಿರುತ್ತೇವೆ. ದಣಪೆ (ಬೇಲಿಯ ಗೇಟು) ದಾಟುವಷ್ಟರಲ್ಲಿ ಆ ಮನೆಯ ನಾಯಿ ಮೈಕಿನ ಬುಡದಲ್ಲೇ ಬೊಗಳುತ್ತದೆ. ಇಂಥ ಕಡೆ ನಾನು ಮಿತಿ ಮೀರಿದ ದನಿಯನ್ನು ಮಾತ್ರ ತಗ್ಗಿಸುವ ಲಿಮಿಟರ್ ಹಾಕಿಕೊಳ್ಳುತ್ತೇನೆ, ನಾಯಿ ಕೆಟ್ಟರೂ ಹಾಡು ಉಳಿಯಲಿ ಅಂತ.

ಎಲ್ಲ ಸರಿಯಿದ್ದೂ ಚಟಪಟ ಅನ್ನುತ್ತಿದ್ದರೆ ಅಲೆಯನ್ನು ಹಿಗ್ಗಿಸಿ ನೋಡಿ. ತುದಿಗಳು ಚೂಪಾಗೇ ಇದ್ದು, ಚಟಪಟ ಹಾಡು ನಿಂತಾಗಲೂ ಇದ್ದರೆ ಅದು ಒಡಕಲ್ಲ, ಥಂಡಿ. ಎಲೆಕ್ಟ್ರೆಟ್ ಥರದ ಕಂಡೆನ್ಸರ್ ಮೈಕಿಗೆ ಇಬ್ಬನಿ ಆಗಿಬರುವುದಿಲ್ಲ. ತೀರ್ಥಹಳ್ಳಿ ಕಡೆ ಜನವರಿಯ ಬೆಳಗಿನ ಜಾವ ಕುರ್ಚಿಯೇ ಒದ್ದೆಯಾಗಿರುತ್ತದೆ, ಮೈಕ್ ಬಿಟ್ಟೀತಾ? ನನ್ನದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಸ್ಟೀಲ್ ಡಬ್ಬದಲ್ಲಿ ಇಡುತ್ತೇನೆ. ಮಳೆಗಾಲದಲ್ಲಿ ಆ ಡಬ್ಬ ಇರುವುದು ಅಡುಗೆಮನೆಯಲ್ಲಿ, ಒಲೆಯ ಮೇಲಿನ ಅಟ್ಟದಿಂದ ಸ್ವಲ್ಪ ದೂರ, ಹಪ್ಪಳದ ಡಬ್ಬದ ಪಕ್ಕ.